ಒಂದು ಸಾಕೆಟ್‌ಗೆ ಎರಡು ಸಹಿ

ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಹನ್ನೆರಡರೊಳಗೆ ಆಕೆಗೆ ಹದಿನೈದು ಬಾಗಿಲು ತೆರೆದುಕೊಳ್ಳುತ್ತವೆ. ಹದಿನೈದು ತೋಳುಗಳು ಮುಂದೆ ಬರುತ್ತವೆ. ಹೆಸರು ಹೇಳಿ, ವಯಸ್ಸು ಹೇಳಿ, ಏನೂ ತಿಂದಿಲ್ಲ ತಾನೆ, ಮುಷ್ಟಿ ಬಿಗಿ ಹಿಡೀರಿ. ಇಷ್ಟೇ ಮಾತು. ಲ್ಯಾಬಿನ ಪರವಾಗಿ ಮನೆ ಮನೆಗೆ ಹೋಗಿ ರಕ್ತ ತೆಗೆದು ತರುವ ಈ ಹೆಂಗಸನ್ನು ಮಕ್ಕಳು ಸೂಜಿಯಕ್ಕ ಅನ್ನುತ್ತವೆ. ದೊಡ್ಡವರೂ ಅದನ್ನೇ ಅನ್ನುತ್ತಾರೆ, ಸ್ವಂತ ಹೆಸರು ಕೇಳುವ ಗೋಜಿಗೆ ಹೋದವರಿಲ್ಲ. ಹತ್ತೊಂಬತ್ತು ವರ್ಷದಿಂದ ಯಾರ ನರ ಎಲ್ಲಿ ಅಡಗಿ ಕೂತಿರುತ್ತದೆಂದು ಬೆರಳ ತುದಿಯಲ್ಲೇ ಬಲ್ಲವಳು. ಹತ್ತಿ ಒತ್ತಿ ಹಿಡಿಯಿರಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿರುತ್ತದೆ.

ಆದರೂ ಆ ಹದಿನೈದು ಬಾಗಿಲುಗಳೇ ಆಕೆಯ ದಿನ. ಅಮ್ಮ ಹೋಗಿ ಆರು ವರ್ಷ. ತಮ್ಮ ವರ್ಷಕ್ಕೆರಡು ಸಲ ಫೋನ್ ಮಾಡಿ, ಆರಾಮಾ ಅಕ್ಕಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ತನ್ನ ಮಂಡಿನೋವಿನ ಕಥೆ ಶುರುಮಾಡುತ್ತಾನೆ. ಮಧ್ಯಾಹ್ನದ ಮೇಲೆ ಎರಡು ಕೋಣೆಯ ಮನೆಯಲ್ಲಿ ಆಕೆಯ ಜೊತೆ ಮಾತಾಡುವುದು ಫ್ರಿಜ್ ಒಂದೇ, ಅದೂ ಆಗಾಗ ಗೊರ್ ಎಂದು.

ಹೀಗಿರುವಾಗ ಲ್ಯಾಬಿನವರು ಪೆಟ್ರೋಲ್ ಸ್ಕೂಟರ್ ವಾಪಸ್ ತೆಗೆದುಕೊಂಡು ಎಲೆಕ್ಟ್ರಿಕ್ ಸ್ಕೂಟರ್ ಕೊಟ್ಟರು. ಜೊತೆಗೊಂದು ಕಾಗದ: ಮುಂದಿನ ತಿಂಗಳಿಂದ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ವ್ಯವಸ್ಥೆ ಇಲ್ಲದವರು ಲ್ಯಾಬಿನೊಳಗೆ ಕೂತು ಟ್ಯೂಬುಗಳಿಗೆ ಚೀಟಿ ಅಂಟಿಸತಕ್ಕದ್ದು. ಪರಿಸರದ ಮೇಲೆ ಅಷ್ಟು ಪ್ರೀತಿ ಇದ್ದವರು ಒಂದು ಪ್ಲಗ್ಗಿನ ಚಿಂತೆಯನ್ನು ಮಾತ್ರ ಕೆಲಸದವರ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದರು. ಅಂಟಿಸುವ ಕೆಲಸ ಕಿಟಕಿಯಿಲ್ಲದ ಕೋಣೆಯಲ್ಲಿ. ಅಲ್ಲಿ ರಕ್ತ ಬರುತ್ತದೆ, ಮನುಷ್ಯರು ಬರುವುದಿಲ್ಲ. ಅಲ್ಲಿಗೆ ಮಾತ್ರ ಹೋಗಬಾರದೆಂದು ಆಕೆ ಅವತ್ತೇ ತೀರ್ಮಾನಿಸಿದಳು.

ಸ್ಕೂಟರ್ ಅಂಗಡಿಯವನು ಗೋಡೆಗೆ ಕೂರಿಸುವ ದೊಡ್ಡ ಚಾರ್ಜಿಂಗ್ ಡಬ್ಬಿಯೊಂದನ್ನು ತೋರಿಸಿ, ಮೇಡಂ, ಇದಿಲ್ಲದಿದ್ದರೆ ಬ್ಯಾಟರಿಗೆ ಆಯುಸ್ಸೇ ಇಲ್ಲ ಎಂದು ಹೆದರಿಸಿದ. ಡಬ್ಬಿಯಲ್ಲಿ ನೀಲಿ ದೀಪ ಓಡಾಡುತ್ತಿತ್ತು. ಆಕೆ ಇನ್ನೇನು ಹೂಂ ಅನ್ನುವುದರಲ್ಲಿದ್ದಳು. ಯಾವುದಕ್ಕೂ ಒಂದು ಮಾತು ಕೇಳೋಣವೆಂದು ಹಳೇ ವೈರ್‌ಮನ್ನನ್ನು ಕರೆಸಿದಳು. ಅಮ್ಮನ ಕಾಲದಲ್ಲಿ ಮನೆಯ ಫ್ಯಾನ್ ಕಟ್ಟಿದವನು, ಬಾಯಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡುವವನು.

ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು ಕೇಳಿದ. ನಲವತ್ತು ಕಿಲೋಮೀಟರ್. ಎಷ್ಟೊತ್ತಿಗೆ ಬರುತ್ತೀರಿ? ಹನ್ನೆರಡಕ್ಕೆ. ಮತ್ತೆ ಹೊರಡೋದು? ಮಾರನೇ ದಿನ ಐದಕ್ಕೆ. ನಡುವೆ ಎಲ್ಲೂ ಹೋಗಲ್ವಾ? ಇಲ್ಲ. ಸಂಜೆ? ಇಲ್ಲ. ಭಾನುವಾರ? ಆಕೆ ತಲೆ ಅಲ್ಲಾಡಿಸಿದಳು. ಅವನೇನೋ ಗಾಡಿಯ ಲೆಕ್ಕ ಹಾಕುತ್ತಿದ್ದ. ಆಕೆಗೆ ಮಾತ್ರ ಒಂದೊಂದು ಪ್ರಶ್ನೆಯೂ ಚುಚ್ಚುತ್ತಿತ್ತು. ಚುಚ್ಚುವುದು ತನ್ನ ಕಸುಬು, ಚುಚ್ಚಿಸಿಕೊಂಡು ರೂಢಿಯಿರಲಿಲ್ಲ.

"ಹದಿನೇಳು ಗಂಟೆ ಸುಮ್ನೆ ನಿಂತಿರೋ ಗಾಡಿಗೆ ಆ ಡಬ್ಬಿ ಯಾಕಮ್ಮಾ? ಆತುರ ಇರೋರಿಗೆ ಅದು. ಹದಿನೈದು ಆಂಪ್ಸ್ ಸಾಕೆಟ್ ಒಂದು, ನಿಮ್ಮದೇ ಮೀಟರಿಂದ ಬೇರೆ ಲೈನು, ಸರಿಯಾದ ಅರ್ಥಿಂಗು, ಒಂದು ಟ್ರಿಪ್ ಸ್ವಿಚ್ಚು. ಎಕ್ಸ್‌ಟೆನ್ಷನ್ ವೈರ್ ಮಾತ್ರ ಬೇಡ, ಬಿಸಿಯಾಗಿ ಕರಗುತ್ತೆ." ಆಮೇಲೆ ಕೆಳಗೆ ಪಾರ್ಕಿಂಗ್ ಜಾಗದ ಗೋಡೆ ಅಳೆಯುತ್ತಾ ಕೇಳಿದ: "ಮುಂದೆ ಮನೆಗೆ ಇನ್ನೊಂದು ಗಾಡಿ ಬರೋದಿದ್ಯಾ? ಇದ್ರೆ ಈಗ್ಲೇ ದಪ್ಪ ವೈರ್ ಎಳೀತೀನಿ."

"ಇಲ್ಲ."

"ಯೋಚ್ನೆ ಮಾಡಿ ಹೇಳಿ. ಆಮೇಲೆ ಮತ್ತೆ ಗೋಡೆ ಒಡೀಬೇಕಾಗುತ್ತೆ."

"ಯೋಚ್ನೆ ಮಾಡೇ ಹೇಳ್ತಿದೀನಿ."

ಅವನು ಸ್ಕ್ರೂವನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಸರಿಸಿ ಮತ್ತೆ ಟೇಪು ಹಿಡಿದ.

ಇಷ್ಟಾದ ಮೇಲೆ ಒಪ್ಪಿಗೆ ಕೊಡಬೇಕಾದ ಕಟ್ಟಡದ ಸಂಘದ ಕಾರ್ಯದರ್ಶಿ. ಸಂಘದ ಬಾಗಿಲಿಗೆ ಬೀಗ ಹಾಕುವುದರಿಂದ ಹಿಡಿದು ಲಿಫ್ಟಿನಲ್ಲಿ ಉಗುಳಬೇಡಿ ಎಂದು ಬರೆಸುವವರೆಗೆ ಎಲ್ಲ ಅವರೇ. ಆಕೆಯ ಮಾತು ಮುಗಿಯುವ ಮೊದಲೇ ಅವರ ಬಾಯಲ್ಲೊಂದು ನಿಯಮ ಹುಟ್ಟಿತು: ಎಡ ಬಲದ ಪಾರ್ಕಿಂಗ್ ಜಾಗದವರಿಬ್ಬರ ಒಪ್ಪಿಗೆ ಸಹಿ ಬೇಕು, ಬೆಂಕಿ ಗಿಂಕಿ ಹತ್ತಿದರೆ ಕರೆಯಲು ಇನ್ನೊಬ್ಬರ ಫೋನ್ ನಂಬರನ್ನು ಸಾಕೆಟ್ ಬೋರ್ಡಿನ ಮೇಲೆ ಬರೆದಿರಬೇಕು. ಬಲಗಡೆಯ ಜಾಗ ಅವರದೇ. ಮೊದಲು ಎಡಗಡೆಯವರದ್ದು ತನ್ನಿ, ಆಮೇಲೆ ನೋಡೋಣ ಎಂದರು. ಇಂಥವರ 'ನೋಡೋಣ'ಕ್ಕೆ ಕಣ್ಣಿರುವುದಿಲ್ಲ.

ಎಡಗಡೆಯ ಜಾಗದಲ್ಲಿ ಗಾಡಿಯಿಲ್ಲ, ಕಾಲು ಮುರಿದ ಸೋಫಾ ಒಂದಿದೆ. ಅದು ಯಾರದೆಂದು ಹನ್ನೊಂದು ವರ್ಷದಲ್ಲಿ ಆಕೆ ಕೇಳಿರಲಿಲ್ಲ. ಕಾವಲುಗಾರ ಹೇಳಿದ ಮೇಲೆ ಗೊತ್ತಾಯಿತು, ನಾಲ್ಕನೇ ಮಹಡಿಯ ಗಡಿಯಾರ ರಿಪೇರಿಯವರದು ಎಂದು. ಕೆಲಸ ಮುಗಿಸಿ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಹಾಗೇ ಮೇಲೆ ಹೋಗಿ ಬೆಲ್ ಒತ್ತಿದಳು.

ಬಾಗಿಲು ತೆರೆದ ಮುದುಕರು ಚೀಲ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು, ಏನೂ ಕೇಳದೆ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿ ಕೈ ಚಾಚಿದರು.

"ನಾನು ಊಟ ಮಾಡ್ಬಿಟ್ಟೆನಲ್ಲಮ್ಮಾ. ಪರವಾಗಿಲ್ವಾ?"

ಆಕೆಗೆ ತಡೆಯಲಾಗದಷ್ಟು ನಗು ಬಂತು. ಎಷ್ಟು ದಿನವಾಗಿತ್ತೋ, ನಕ್ಕಿದ್ದಕ್ಕೆ ಕೆಮ್ಮೇ ಬಂದುಬಿಟ್ಟಿತು. ವಿಷಯ ತಿಳಿದ ಮೇಲೆ ಅವರೂ ನಕ್ಕರು, ಸಹಿ ಹಾಕಿದರು, ಆದರೆ ಮಡಚಿದ ತೋಳನ್ನು ಇಳಿಸುವುದು ಮರೆತರು. ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರಗಳಿದ್ದವು. ಗಿರಾಕಿಗಳು ಬರುತ್ತಾರಾ ಎಂದು ಕೇಳಿದ್ದಕ್ಕೆ, ಯಾರೂ ಇಲ್ಲ, ಇವೆಲ್ಲ ನನ್ನವೇ, ಕೈ ಸುಮ್ಮನಿರಬಾರದು ಅಂತ ಬಿಚ್ಚೋದು ಜೋಡಿಸೋದು ಎಂದರು. ಕೂತ್ಕೊಳ್ಳಮ್ಮಾ ಅಂದರು. ಆಕೆ ಅಭ್ಯಾಸಬಲದಿಂದ, ಇನ್ನೊಂದು ಮನೆಗೆ ಹೋಗ್ಬೇಕು ಅಂದುಬಿಟ್ಟಳು. ಮೆಟ್ಟಿಲಿಳಿಯುವಾಗ ನೆನಪಾಯಿತು, ಹೋಗಬೇಕಾದ ಇನ್ನೊಂದು ಮನೆ ಎಂದರೆ ತನ್ನದೇ.

ಸಹಿ ಕಂಡ ಕಾರ್ಯದರ್ಶಿ ಹೊಸ ರಾಗ ತೆಗೆದರು. ಸಭೆಯಲ್ಲಿಡಬೇಕು, ಸಭೆ ಇನ್ನು ಮೂರು ತಿಂಗಳಿಗೆ. ತಿಂಗಳು ಮುಗಿಯಲು ಉಳಿದದ್ದು ಆರು ದಿನ. ಅವರ ಬೆನ್ನ ಹಿಂದಿನ ಕಂಬದ ಮೇಲೆ ಅವರ ಕಾರಿನ ಚಾರ್ಜಿಂಗ್ ಡಬ್ಬಿ ನೀಲಿ ದೀಪ ಓಡಿಸುತ್ತಾ ಕೂತಿತ್ತು. ಅದನ್ನು ಹೋದ ವರ್ಷ ಕೂರಿಸಿದ್ದು ನಾನೇ, ಒಂದು ಚೀಟಿಯನ್ನೂ ಯಾರೂ ಕೇಳಲಿಲ್ಲ ಎಂದು ವೈರ್‌ಮನ್ ಗೋಡೆ ಅಳೆಯುವಾಗ ಹೇಳಿದ್ದ.

"ಸಾರ್, ನಿಮ್ಮ ಪಕ್ಕದ ಜಾಗ ನಂದು," ಎಂದಳು ಸೂಜಿಯಕ್ಕ. "ಆ ಡಬ್ಬಿಗೆ ನನ್ನ ಸಹಿ ಯಾವಾಗ ತಗೊಂಡ್ರಿ?"

"ಆಗ ಈ ನಿಯಮ ಇರ್ಲಿಲ್ಲಮ್ಮಾ."

"ಈಗ ಇದ್ಯಲ್ಲ. ನಿಮ್ಮದೂ ಒಂದು ಅರ್ಜಿ ತನ್ನಿ. ನೀವು ನನಗೆ ಹಾಕಿ, ನಾನು ನಿಮಗೆ ಹಾಕ್ತೀನಿ. ಇಲ್ಲಾಂದ್ರೆ ಎರಡೂ ಸಭೇಲೇ ತೀರ್ಮಾನ ಆಗ್ಲಿ. ಅಲ್ಲೀವರೆಗೂ ನಿಮ್ಮದೂ ಆಫ್ ಇರ್ಲಿ."

ಸೂಜಿ ಹಾಕುವಾಗ ಬಳಸುವ ಅದೇ ತಣ್ಣನೆಯ ದನಿ. ಕಾರ್ಯದರ್ಶಿ ಅವಳದೇ ಪೆನ್ನು ಇಸಿದುಕೊಂಡು ಸಹಿ ಹಾಕಿ, ಪೆನ್ನನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡು ಹೋದರು. ಹೋಗಲಿ ಅಂದುಕೊಂಡಳು.

ಎರಡು ದಿನ ಬಿಟ್ಟು, ಮಧ್ಯಾಹ್ನ ಎರಡಕ್ಕೆ ಸಾಕೆಟ್ ಕೂರಿಸುವ ಕೆಲಸ ಮುಗಿಯಿತು. ಪ್ಲಗ್ ಹಾಕಿದಳು, ಸ್ಕೂಟರಿನ ಎದೆಯಲ್ಲಿ ಹಸಿರು ಚುಕ್ಕೆ ಮಿಡಿಯಿತು. ಬೋರ್ಡಿನ ಮೇಲೆ ನಂಬರ್ ಬರೀರಿ ಎಂದು ವೈರ್‌ಮನ್ ಮಾರ್ಕರ್ ಕೊಟ್ಟ. ಬೇರೆ ತೋಚದೆ ಲ್ಯಾಬಿನ ನಂಬರ್ ಬರೆದಳು. ಅವನು ಮಾರ್ಕರ್ ಬಿಟ್ಟು ಹೋದ ಮೇಲೆ, ನೋಡೋಣವೆಂದು ಅಲ್ಲೇ ನಿಂತು ಆ ನಂಬರಿಗೆ ಕರೆದಳು. ಮೊದಲು ಸಂಗೀತ, ಆಮೇಲೊಂದು ಹುಡುಗಿಯ ದನಿ. ಹೆಸರು ಹೇಳಿ, ವಯಸ್ಸು ಹೇಳಿ.

ಹತ್ತೊಂಬತ್ತು ವರ್ಷ ತಾನು ಕೇಳಿದ್ದನ್ನು ಈಗ ತನ್ನನ್ನೇ ಕೇಳುತ್ತಿದ್ದರು. ಫೋನ್ ಇಟ್ಟಳು. ಈ ಸಾಕೆಟ್ ಹತ್ತಿ ಉರಿದರೂ ಆ ಕಡೆಯವರು ಖಾಲಿ ಹೊಟ್ಟೇಲಿದೀರಾ ಎಂದೇ ಕೇಳಿಯಾರು.

ಚೀಲದಿಂದ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತೆಗೆದು, ತೋಳು ಒರೆಸುವಷ್ಟೇ ನಿಧಾನವಾಗಿ ಬೋರ್ಡಿನ ಮೇಲಿನ ಅಂಕಿಗಳನ್ನು ಒಂದೊಂದಾಗಿ ಒರೆಸಿದಳು. ಕಾಲು ಮುರಿದ ಸೋಫಾ ಕಡೆ ಒಮ್ಮೆ ನೋಡಿದಳು. ಆಮೇಲೆ ಮಾರ್ಕರನ್ನಷ್ಟೇ ಕೈಯಲ್ಲಿ ಹಿಡಿದು, ನಾಲ್ಕನೇ ಮಹಡಿಗೆ ಹೊರಟಳು. ಅವರು ಮತ್ತೆ ತೋಳು ಮಡಚಬಾರದೆಂದು ಚೀಲವನ್ನು ಸ್ಕೂಟರಿನ ಸೀಟಿನ ಮೇಲೇ ಬಿಟ್ಟಳು.