ಕಾನೂನಿಗೆ ಕಾದ ಗಟ್ಟಿಮೇಳ

ಮೊನ್ನೆ ಸಂಜೆ ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಒಂದು ಸುದ್ದಿಯಿತ್ತು. ಡಾಕ್ಟರು ಬಜ್ಜಿ ತಿನ್ನಬೇಡಿ ಎಂದಿದ್ದಾರೆಯೇ ಹೊರತು ಕಾಗದ ಓದಬೇಡಿ ಎಂದಿಲ್ಲ. ಹಾಗಾಗಿ ಮೊದಲು ಬಜ್ಜಿ ತಿಂದು ಸಾಕ್ಷಿ ನಾಶ ಮಾಡಿ, ಆಮೇಲೆ ನೆಮ್ಮದಿಯಾಗಿ ಕಾಗದ ಬಿಡಿಸಿದೆ. ಫಿಲಿಪೀನ್ಸ್ ದೇಶದಲ್ಲಿ ತಮ್ಮ ನಾಡಿನ ಸಂಗೀತಕ್ಕೆ ಆಸರೆಯಾಗಿ ಒಂದು ಕಾನೂನು ತರುವ ಮಾತು ನಡೆದಿದೆಯಂತೆ. ಅಲ್ಲಿನ ಸಂಗೀತಗಾರರೆಲ್ಲ ಕೂತು ಅದು ಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದಾರಂತೆ. ಕೊನೆಗೆ ಏನು ತೀರ್ಮಾನವಾಯಿತು ಎಂಬ ಭಾಗವನ್ನು ಎಣ್ಣೆ ಕುಡಿದುಬಿಟ್ಟಿತ್ತು. ನನಗೇನೂ ನಷ್ಟವಾಗಲಿಲ್ಲ ಬಿಡಿ. ಸಂಗೀತಗಾರರು ಕೂತು ಕಾನೂನು ಚರ್ಚಿಸಿದರೆ ಏನಾಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ನಾನು ಅಂಥದೊಂದು ಸಭೆಯ ಕಾರ್ಯದರ್ಶಿಯಾಗಿದ್ದವನು.

ಐವತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಒಂದು ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಅಳೆಯುವುದು ನನ್ನ ಕೆಲಸ. ಹಾರ್ಮೋನಿಯಂ ನುಡಿಸುವುದು ನನ್ನ ಹುಚ್ಚು. ನಾಟಕ ಕಂಪನಿಯವರೊಬ್ಬರು ಬಿಟ್ಟುಹೋದ ಪೆಟ್ಟಿಗೆ ಅದು. ಅದರ ತಿದಿಗೆ ಶಿರಾಳಕೊಪ್ಪದ ಸೈಕಲ್ ಅಂಗಡಿಯವನು ಟ್ಯೂಬಿನ ತೇಪೆ ಹಾಕಿದ್ದ. ನಾನು ಎಂಥ ಕರುಣರಸ ನುಡಿಸಿದರೂ ನಡುನಡುವೆ ಅದು ಗಾಳಿ ಬಿಟ್ಟ ಸೈಕಲ್ಲಿನಂತೆ ನಿಟ್ಟುಸಿರಿಡುತ್ತಿತ್ತು. ಕೇಳಿದವರು ಅದನ್ನೂ ಕರುಣರಸಕ್ಕೇ ಸೇರಿಸಿಕೊಂಡಿದ್ದರಿಂದ ನನಗೆ ಸುತ್ತಮುತ್ತ ಒಳ್ಳೆಯ ಹೆಸರಿತ್ತು.

ಆಗ ನಮ್ಮ ಕಡೆಗೆ ಹೊಸದಾಗಿ ಮೈಕ್ ಸೆಟ್ ಬಂದಿತ್ತು. ಬ್ಯಾಟರಿ, ಮರಕ್ಕೆ ಕಟ್ಟುವ ಕಹಳೆ, ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು, ಒಂದು ಟ್ರಂಕು ತುಂಬ ಸಿನಿಮಾ ಹಾಡಿನ ಪ್ಲೇಟುಗಳು. ಮದುವೆ ಮನೆಯಲ್ಲಿ ಕಹಳೆ ಕಟ್ಟಿದರೆ ಮೂರು ಊರಿಗೆ ಕೇಳುತ್ತಿತ್ತು. ವಾಲಗದವರನ್ನು ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅಷ್ಟರಲ್ಲಿ ಯಾರೋ ಸುದ್ದಿ ತಂದರು: ಮದುವೆ ಮುಂಜಿಗಳಲ್ಲಿ ಮೊದಲು ಸ್ಥಳೀಯ ಸಂಗೀತ ನುಡಿಸಲೇಬೇಕು, ಆಮೇಲೆಯೇ ಪ್ಲೇಟು ಹಾಕಬೇಕು ಎಂದು ಕಾನೂನು ಬರುತ್ತದಂತೆ. ಶಾಸಕರ ಕಡೆಯವರೊಬ್ಬರು ಸಂಗೀತಗಾರರ ಅಭಿಪ್ರಾಯ ಕೇಳಲು ಬರುತ್ತಾರಂತೆ. ಸುದ್ದಿ ಎಲ್ಲಿ ಹುಟ್ಟಿತೋ ನಾನು ವಿಚಾರಿಸಲಿಲ್ಲ. ನನ್ನನ್ನು ಕಾರ್ಯದರ್ಶಿ ಮಾಡಿದ ಸುದ್ದಿಯನ್ನು ನಾನೇಕೆ ಅನುಮಾನಿಸಲಿ?

ಸಭೆ ಎಲ್ಲಿ ಎಂಬುದೇ ಮೊದಲ ಜಗಳ. ಶಿಕಾರಿಪುರದಲ್ಲಿ ಮಾಡಿದರೆ ಸೊರಬದವರು ಬರುವುದಿಲ್ಲ, ಸೊರಬದಲ್ಲಾದರೆ ನಾವು ಹೋಗುವುದಿಲ್ಲ. ಕೊನೆಗೆ ನಡುವಿನ ಶಿರಾಳಕೊಪ್ಪದಲ್ಲಿ ಒಂದು ಅಕ್ಕಿ ಗಿರಣಿಯ ಅಂಗಳ ಎಂದಾಯಿತು. ಕಾರ್ಯದರ್ಶಿಯೆಂಬ ಬಿಂಕದಿಂದ ನಾನು ಮೊದಲ ಬಸ್ಸಿಗೇ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಆದರೆ ನನಗಿಂತ ಮೊದಲೇ ಒಬ್ಬರು ಬಂದು ಹೊಟ್ಟಿನ ರಾಶಿಯ ಪಕ್ಕ ಕೂತಿದ್ದರು. ಚಂದ್ರಗುತ್ತಿ ಕಡೆಯ ನಾಗಪ್ಪನವರು. ವಾಲಗದಲ್ಲಿ ಊದುವ ಉದ್ದನೆಯ ಮೌರಿಗೆ ಆ ಸೀಮೆಯಲ್ಲೆಲ್ಲ ಅವರದೇ ಹೆಸರು.

"ಈ ಕಾನೂನು ಯಾವಾಗ ಬರ್ತದೆ ಅಂತೀರಿ?" ಎಂದು ಕೇಳಿದರು.

"ಇವತ್ತು ಒಪ್ಪಿಗೆ ಕೊಟ್ಟರೆ ಬೇಗ ಬರುತ್ತದೆ" ಎಂದೆ, ವಿಧಾನಸೌಧದ ಬೀಗದ ಕೈ ನನ್ನ ಜೇಬಿನಲ್ಲಿದೆ ಎನ್ನುವ ಹಾಗೆ.

"ಬರೋ ವೈಶಾಖದೊಳಗೆ ಬರ್ತದಾ? ಮಗಳ ಮದುವೆ ಉಂಟು."

ಆಮೇಲೆ ಅವರೇ ಹೇಳಿದರು. ಗಂಡಿನ ತಂದೆ ಶಿಕಾರಿಪುರದ ಹನುಮಂತಪ್ಪ, ಬಸ್ಸಿನ ಏಜೆಂಟರು. ನನಗೂ ಗೊತ್ತಿದ್ದ ಮನುಷ್ಯ. ಕರಿ ಕೋಟು, ಜರಿ ಟೋಪಿ, ಪೇಟೆಯ ದೊಡ್ಡವರ ಜೊತೆ ಓಡಾಟ. ಗೊತ್ತಿಲ್ಲದ ಸಂಗತಿಯೆಂದರೆ ಅವರದೂ ವಾಲಗದ ಮನೆತನ. ಅದನ್ನು ಅವರು ಪೇಟೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಜನರಲ್ಲಿ ಒಂದು ಪದ್ಧತಿ: ತಮ್ಮ ಮನೆಯ ಮದುವೆಗೆ ವಾಲಗದವರನ್ನು ಗೊತ್ತುಮಾಡುವುದಿಲ್ಲ, ಎರಡೂ ಕಡೆಯ ನೆಂಟರೇ ನುಡಿಸುತ್ತಾರೆ. ನುಡಿಸುವವರೆಲ್ಲ ಬೀಗರೆಂದು ಕಂಡರೆ ಪೇಟೆಯವರಿಗೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಹನುಮಂತಪ್ಪನವರು ಮೊದಲೇ ಹೇಳಿ ಕಳಿಸಿದ್ದರು: ವಾಲಗ ಬೇಡ, ಮೈಕ್ ಸೆಟ್ ಇರಲಿ, ನೆಂಟರು ಬರಿಗೈಲಿ ಬರಲಿ.

"ವಾಲಗ ಬೇಕೇ ಬೇಕು ಅಂತ ನೀವೊಂದು ಮಾತು ಕೇಳಬಹುದಲ್ಲ?" ಎಂದೆ.

"ಕೇಳಬಹುದು ಮಾರಾಯ್ರೇ. ಕೇಳಿದ್ರೆ ಹೂಂ ಅಂದ್ರೂ ಅಂದಾರು. ಆಮೇಲೆ ಬಾಳ್ವೆ ಮಾಡೋಳು ಯಾರು? ನನ್ನ ಮಗಳು ತಾನೆ? ಅದೇ ಕಾನೂನು ಅಂತಾದ್ರೆ ನಾ ಕೇಳಿದಂಗೂ ಇಲ್ಲ, ಅವರು ಸೋತಂಗೂ ಇಲ್ಲ. ಊರವರ ಮದುವೆಗೆಲ್ಲ ಊದಿದೀನಿ. ನನ್ನ ಕೂಸಿನ ಧಾರೆ ಹೊತ್ತಿಗೆ ಪ್ಲೇಟ್ ಹಾಕಿಸೋದು ಅಂದ್ರೆ, ಹೊಟ್ಟೆ ಉರೀತದೆ."

ನನಗೆ ನಿಜವಾಗಿಯೂ ಕನಿಕರವಾಯಿತು. ಸಭೆ ಶುರುವಾಗುವ ತನಕ ಅದು ಇತ್ತು.

ಸಂಗೀತಗಾರರು ಸೇರಿದ ಮೇಲೆ ಪ್ರಾರ್ಥನೆಯಿಲ್ಲದೆ ಮಾತಾಡುವುದುಂಟೆ? ಪ್ರಾರ್ಥನೆಯೆಂದರೆ ಎಲ್ಲರೂ ಕೂಡಿ ನುಡಿಸಬೇಕು, ಕೂಡಿ ನುಡಿಸುವುದಕ್ಕೆ ಶ್ರುತಿ ಒಂದಾಗಬೇಕು. ಮೌರಿಯ ಶ್ರುತಿ ಅದರ ಉದ್ದಕ್ಕೆ ತಕ್ಕದ್ದು, ಎಳೆದು ಹಿಗ್ಗಿಸಲಾಗದು. ಹಾರ್ಮೋನಿಯಂ ಹಾಗಲ್ಲ, ಅದರ ಕರಿ ಬಿಳಿ ಮನೆಗಳಲ್ಲಿ ಯಾವುದರಿಂದ ಬೇಕಾದರೂ ಷಡ್ಜ ಹಿಡಿಯಬಹುದು. ಹಿಡಿಯಬಲ್ಲವನಿಗೆ. ನನಗೆ ಬರುತ್ತಿದ್ದುದು ಕರಿ ಎರಡು, ಅಂದರೆ ಎರಡನೆಯ ಕರಿ ಮನೆಯ ಶ್ರುತಿ, ಅದೊಂದೇ. ಅದನ್ನು ಎರಡು ತಾಲ್ಲೂಕಿನ ಕಲಾವಿದರ ಎದುರು ಹೇಳುವುದು ಹೇಗೆ? "ಪ್ರಾರ್ಥನೆಗೆ ಶಾಸ್ತ್ರದ ಪ್ರಕಾರ ಕರಿ ಎರಡೇ ಶ್ರೇಷ್ಠ" ಎಂದುಬಿಟ್ಟೆ. ಅಂಥ ಶಾಸ್ತ್ರ ಆ ಕ್ಷಣದಲ್ಲಿ ಹುಟ್ಟಿದ್ದು.

ನಮ್ಮೂರಿನ ತಬಲಾ ರುದ್ರಪ್ಪ ಮಾಸ್ತರರು ಊರಿನ ಅಭಿಮಾನದಿಂದ ಎದ್ದು ನಿಂತರು. "ಖರೇ ಐತ್ರೀ. ನನ್ನ ತಬಲಾನೂ ಕರಿ ಎರಡಕ್ಕ ಏರಿಸೀನಿ. ಈಗ ಇಳಿಸಂಗಿಲ್ಲ ನೋಡ್ರಿ."

"ಸ್ಥಳೀಯ ಸಂಗೀತದ ಸಭೆಗೆ ಪರದೇಶದ ಪೆಟ್ಟಿಗೆ ಶ್ರುತಿ ಎಂತಕ್ಕೆ?" ಎಂದರು ಸೊರಬದ ಭಜನೆ ಶೀನಪ್ಪ.

ಅಲ್ಲಿಂದ ಸ್ಥಳೀಯ ಎಂದರೆ ಯಾವುದು ಎಂಬ ಚರ್ಚೆ ಹತ್ತಿಕೊಂಡಿತು. ಇಲ್ಲೇ ಮಾಡಿದ ವಾದ್ಯ ಎಂದರೆ ತಬಲಾ ಹೊರಗೆ. ಇಲ್ಲೇ ಕಟ್ಟಿದ ಹಾಡು ಎಂದರೆ ಶೀನಪ್ಪನವರ ಅರ್ಧ ಭಜನೆ ಹೊರಗೆ. ನಾನು ಎದ್ದು, ಇಲ್ಲಿ ರಿಪೇರಿಯಾದ ವಾದ್ಯವೆಲ್ಲ ಇಲ್ಲಿಯದೇ ಎಂದು ವಾದಿಸಿ, ತಿದಿಯ ತೇಪೆಯನ್ನು ಎಲ್ಲರಿಗೂ ತೋರಿಸುತ್ತ ಸುತ್ತಿ ಬಂದೆ. ಶಿಕಾರಿಪುರದವರು ಸೊರಬದಲ್ಲಿ ನುಡಿಸಿದರೆ ಸ್ಥಳೀಯರೇ ಎಂದು ಒಬ್ಬರು ಕೇಳಿದ ಮೇಲಂತೂ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಒಬ್ಬರನ್ನು ಮೀರಿಸಲು ಒಬ್ಬರು ನುಡಿಸಿಯೇ ತೋರಿಸತೊಡಗಿದರು.

ಈ ನಡುವೆ ಶಾಸಕರ ಕಡೆಯವರು ಬಂದರು. ಕುರ್ಚಿಯಲ್ಲಿ ಕೂತು ಕಾಫಿ ಕುಡಿದರು. "ಶುರು ಮಾಡೋಣವೇ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದರು. "ಶ್ರುತಿ ಕೂಡಲಿ ಸಾರ್" ಎಂದು ನಾನೂ ಕೂಗಿದೆ. ಅವರು ತಲೆಯಾಡಿಸಿ ಕೂತರು, ಗಡಿಯಾರ ನೋಡಿದರು, ಇನ್ನೊಂದು ಕಾಫಿ ಕುಡಿದರು. ಕೊನೆಗೆ ನಾವು ದಣಿದು, ಶ್ರುತಿಯೇ ಇಲ್ಲದೆ ಬರೀ ಬಾಯಲ್ಲಿ ಪ್ರಾರ್ಥನೆ ಹೇಳಿ ಕಣ್ಣು ಬಿಟ್ಟಾಗ ಕುರ್ಚಿ ಖಾಲಿ. ಜೀಪು ಹೋಗಿ ಎಷ್ಟು ಹೊತ್ತಾಗಿತ್ತೋ ಏನೋ. ನಾಗಪ್ಪನವರು ಮೌರಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಬಹಳ ಹೊತ್ತು ದಾರ ಸುತ್ತಿದರು.

ವೈಶಾಖ ಬಂತು, ಕಾನೂನು ಬರಲಿಲ್ಲ. ಮದುವೆಗೆ ನನಗೂ ಕರೆಯಿತ್ತು. ಹೆಂಗಸರ ಆರತಿ ಹಾಡಿಗೆ ಹಾರ್ಮೋನಿಯಂ ತರಬಹುದೆಂದು ಸ್ವತಃ ಹನುಮಂತಪ್ಪನವರೇ ಅಪ್ಪಣೆ ಕೊಡಿಸಿದ್ದರು. ಹಾರ್ಮೋನಿಯಂ ಮರ್ಯಾದಸ್ಥರ ವಾದ್ಯವಂತೆ. ಈ ಮಾತು ಕೇಳಿ ನಾನು ಉಬ್ಬಿದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ನಾಗಪ್ಪನವರ ಮನೆಯ ಮುಂದೆ ಚಪ್ಪರ, ಹುಣಸೆಮರಕ್ಕೆ ಕಹಳೆ. ನೆಂಟರೆಲ್ಲ ಹೇಳಿದಂತೆ ಬರಿಗೈಲಿ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಮುಂದೆ ಪೇಟೆಯ ದೊಡ್ಡ ಮನುಷ್ಯರು.

ಧಾರೆಯ ಹೊತ್ತಾಯಿತು. ನಾಗಪ್ಪ ದಂಪತಿ ಗಿಂಡಿ ಹಿಡಿದರು. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ಆ ಹೊತ್ತಿನಲ್ಲಿ ಅಪಶಕುನದ ಸದ್ದೊಂದೂ ಕಿವಿಗೆ ಬೀಳಬಾರದೆಂದೇ ವಾದ್ಯಗಳೆಲ್ಲ ಒಟ್ಟಿಗೆ ಮೊಳಗುವುದು. ಮೈಕ್ ಸೆಟ್ಟಿನವನು ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಬೆಳಗಿನಿಂದ ತಿರುಗಿ ಗ್ರಾಮಫೋನಿನ ಸ್ಪ್ರಿಂಗು ಸಡಿಲವಾಗಿತ್ತು. ಕೀಲಿ ಕೊಡಲು ಅವನು ಮರೆತಿದ್ದ. ಹಾಡು ಎಮ್ಮೆ ನರಳಿದಂತೆ ಒಮ್ಮೆ ನರಳಿ ನಿಂತೇಹೋಯಿತು. ಚಪ್ಪರವೆಲ್ಲ ಗಪ್‌ಚಿಪ್. ಆ ಮೌನದಲ್ಲಿ ಯಾರೋ ಒಬ್ಬರು ಸೀನಿದರು.

ಹೆಂಗಸರು "ಅಯ್ಯೋ" ಎಂದರು. ನಾಗಪ್ಪನವರ ಎರಡೂ ಕೈ ಗಿಂಡಿಯ ಮೇಲೆ. ಅವರು ಬಾಯಿ ತೆರೆದರು. ತಮ್ಮ ಮೌರಿಯ ಶ್ರುತಿಯಲ್ಲೇ, ಮೌರಿಯ ನುಡಿಯನ್ನೇ ಗಂಟಲಿನಿಂದ ಹೊರಡಿಸಿದರು. ಮನುಷ್ಯನ ಬಾಯಲ್ಲಿ "ಪೇಂ ಪೆಪೇಂ" ಎಂದರೆ ನಗೆಯೇ ಬರಬೇಕು. ಒಬ್ಬರೂ ನಗಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಬಿದ್ದೆ. ಕರಿ ಎರಡು ಹಿಡಿದರೆ ಕಿವಿ ಕಚ್ಚಿದಂತಾಯಿತು. ಮದುವೆ ಮನೆಯಲ್ಲಿ ಚಪ್ಪಲಿ ಹುಡುಕುವವನ ಹಾಗೆ ಒಂದೊಂದೇ ಮನೆ ತಡವುತ್ತ ಕೊನೆಗೆ ಯಾವುದೋ ಬಿಳಿ ಮನೆಯಲ್ಲಿ ಅವರ ಷಡ್ಜ ಸಿಕ್ಕಿತು. ಬಲಗೈಯ ಒಂದೇ ಬೆರಳು ಅಲ್ಲೇ ಊರಿ, ಎಡಗೈಯಿಂದ ತಿದಿ ಒತ್ತಿದ್ದೇ ಒತ್ತಿದ್ದು.

ಆಗ ಕೇಳಿಸಿತು ಡೋಲು. ಡೋಲೆಲ್ಲಿಂದ ಬಂತೆಂದು ತಿರುಗಿದೆ. ಕರಿ ಕೋಟಿನ ಹನುಮಂತಪ್ಪನವರು ತಾಮ್ರದ ಹಂಡೆಯನ್ನು ಬೋರಲು ಹಾಕಿಕೊಂಡು ನೆಲಕ್ಕೆ ಕೂತು ಬಿಟ್ಟಿದ್ದರು. ಟೋಪಿ ಎಲ್ಲಿ ಬಿದ್ದಿತ್ತೋ. ಎರಡೂ ಕೈಯಿಂದ ಬಾರಿಸುತ್ತಿದ್ದರು. ಸುಮ್ಮನೆ ಬಡಿಯುವವನ ಕೈಯಲ್ಲ ಅದು. ಅಷ್ಟು ಹೊತ್ತಿಗೆ ಮೈಕಿನವನು ಕೀಲಿ ಕೊಟ್ಟು ಮುಗಿಸಿದ್ದ, ಕಹಳೆಯಿಂದ ಸಿನಿಮಾ ಹಾಡು ಕಿರುಚಿತು. ಹನುಮಂತಪ್ಪನವರು ಕೈ ನಿಲ್ಲಿಸದೆ ಗದರಿದರು: "ನಿಲ್ಲಿಸಲೇ ಅದನ್ನ! ತಾಳ ತಪ್ಪತೈತಿ!"

ಧಾರೆ ಮುಗಿಯಿತು. ಪೇಟೆಯ ದೊಡ್ಡವರೊಬ್ಬರು ಅಕ್ಷತೆ ಕೊಡವಿಕೊಳ್ಳುತ್ತ, "ಏಜೆಂಟ್ರೇ, ಡೋಲು ಬಾರಿಸಾಕ ಬರ್ತೈತೇನ್ರಿ ನಿಮಗ?" ಎಂದರು. ಹನುಮಂತಪ್ಪನವರು ಒಮ್ಮೆ ಕೆಂಪಾದ ಅಂಗೈ ನೋಡಿಕೊಂಡರು.

"ಬರ್ತೈತ್ರೀ. ನಮ್ಮಪ್ಪ ಕಲಿಸಿದ್ದು."

ನಾಗಪ್ಪನವರು ಕಣ್ಣೊರೆಸಿಕೊಂಡು ನನ್ನ ಬಳಿ ಬಂದು, "ಶ್ರುತಿ ಸ್ವಲ್ಪ ತಡವಾಗಿ ಹಿಡಿದ್ರಿ" ಎಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ನನ್ನ ಹಾರ್ಮೋನಿಯಂ ಜೀವಮಾನದಲ್ಲಿ ಸಿಗಲಿಲ್ಲ.

ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕೊನೆಗೆ ಎದೆಯುಬ್ಬಿಸಿ, "ನೋಡಿ, ಕಲೆ ತಾನಾಗಿಯೇ ಉಳಿಯುತ್ತದೆ, ಅದಕ್ಕೆ ಕಾನೂನು ಗೀನೂನು ಯಾಕೆ?" ಎಂದು ಮುಗಿಸುವುದು ರೂಢಿ. ಮೊನ್ನೆಯೂ ಕೈ ಒರೆಸಿಕೊಳ್ಳುತ್ತ ಅದನ್ನೇ ಮನಸ್ಸಿನಲ್ಲಿ ಅಂದುಕೊಂಡೆ. ಆದರೆ ಈ ಸಲ ಒಂದು ಪ್ರಶ್ನೆ ಅಡ್ಡ ಬಂತು. ಆ ದಿನ ಮೈಕಿನವನು ಕೀಲಿ ಕೊಡುವುದನ್ನು ಮರೆಯದೆ ಇದ್ದಿದ್ದರೆ? ಅವನೇನು ಪ್ರತಿ ಮದುವೆಯಲ್ಲೂ ಮರೆಯುತ್ತಿದ್ದನೇ? ಉಳಿದ ಮದುವೆಗಳಲ್ಲೆಲ್ಲ ಪ್ಲೇಟು ಸರಿಯಾಗಿಯೇ ತಿರುಗಿತು. ಇಲ್ಲಿಯೂ ತಿರುಗಿದ್ದರೆ ಹನುಮಂತಪ್ಪನವರ ಟೋಪಿ ತಲೆಯ ಮೇಲೇ ಇರುತ್ತಿತ್ತು, ನಾಗಪ್ಪನವರು ಬಾಯಿ ಮುಚ್ಚಿಕೊಂಡು ಧಾರೆ ಎರೆದು ಮಗಳನ್ನು ಕಳಿಸಿಕೊಡುತ್ತಿದ್ದರು. ನಾನು ಹೊಟ್ಟೆತುಂಬ ಪಾಯಸ ಉಂಡು, ಅವರ ಎದುರೇ ನಿಂತು, ಹಾಡು ಬಹಳ ಚೆನ್ನಾಗಿತ್ತು ಎಂದು ಹೇಳಿ ಬಸ್ಸು ಹತ್ತುತ್ತಿದ್ದೆ.