ಸರಿ ಉತ್ತರಕ್ಕೆ ಸಹಿ ಹಾಕುವವರಿಲ್ಲ

ಬೆಳಗಿನ ಆರು ಗಂಟೆ. ಅಮೆರಿಕದ ಗ್ಯಾರಿ ಎಂಬ ಊರಿನ ಕಾಲೇಜೊಂದರ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ, ಲೊರೇನ್ ಪೆಟ್ಟಿಗ್ರೂ ಕೋಟು ಬಿಚ್ಚದೆಯೇ ಬೋರ್ಡಿನ ಮುಂದೆ ನಿಂತಿದ್ದಾರೆ. ಬೇಕರಿಯ ಪಾಳಿ ಮುಗಿಸಿ ಬಂದ ಯೊಲಾಂಡಾ, ಮೊಣಕೈಗೆ ಹಿಟ್ಟು ಮೆತ್ತಿಕೊಂಡೇ, ತ್ರಿಕೋನಮಿತಿಯ ಭಿನ್ನರಾಶಿಯೊಂದರ ಮೇಲಿನ ಸೈನನ್ನೂ ಕೆಳಗಿನ ಸೈನನ್ನೂ ಗೀಟೆಳೆದು ಹೊಡೆದುಹಾಕುತ್ತಾಳೆ.

"ಅದ್ಯಾಕಮ್ಮ ಹೊಡೆದೆ? ಕೆಳಗೆ ಕಾಸ್ ಕೂಡಿಸಿದೆ, ಕಾಣಲ್ವಾ?"

"ಎರಡೂ ಕಡೆ ಸೈನ್ ಇತ್ತಲ್ಲ, ಮಿಸ್ ಲೊರೇನ್."

"ನಿನ್ನ ಮನೇಲೂ ಒಲೆ ಇದೆ, ನನ್ನ ಮನೇಲೂ ಇದೆ. ಎರಡನ್ನೂ ಬೀದಿಗೆ ಬಿಸಾಕೋಣ್ವಾ?"

ಲೊರೇನ್‌ಗೆ ಅರವತ್ಮೂರು. ಉಕ್ಕಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ಕೋನ ಅಳೆದವರು. ಅಲ್ಲಿಂದ ಹೊರಹಾಕಿದ ಮೇಲೆ ಇಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಹತ್ತೊಂಬತ್ತು ವರ್ಷದಿಂದ 'ತಾತ್ಕಾಲಿಕ'. ದಿನಕ್ಕೆ ಮೂವತ್ತು ಜನ, ತಲೆಗೆ ನಾಲ್ಕೈದು ಲೆಕ್ಕ. ಸೈನ್ ವರ್ಗ, ಕಾಸ್ ವರ್ಗ ಕೂಡಿದರೆ ಒಂದು ಎಂಬುದನ್ನು ಹಿಡಿದುಕೊಂಡು, ಮಾರುದ್ದದ ಗಣಿತೋಕ್ತಿಯನ್ನು ಬೆರಳುದ್ದಕ್ಕೆ ಇಳಿಸುವುದನ್ನು ಕಲಿಸುತ್ತಾರೆ. ಕೊನೆಗೆ ಒಂದೇ ತಾಕೀತು: "ಮೊದಲಿನದಕ್ಕೂ ಕೊನೆಯದಕ್ಕೂ ಮೂವತ್ತು ಡಿಗ್ರಿ ಹಾಕಿ ನೋಡು. ಬೆಲೆ ಬೇರೆ ಬಂದ್ರೆ ನಡುವೆ ಎಲ್ಲೋ ಜಾರಿದ್ದೀಯ."

ಯೊಲಾಂಡಾಗೆ ಭೂಮಾಪನ ಕೋರ್ಸು ಸೇರಲು ಎಪ್ಪತ್ತು ಅಂಕ ಬೇಕು. ಕಳೆದ ತಿಂಗಳ ಲೆಕ್ಕದ ಪರೀಕ್ಷೆಯಲ್ಲಿ ಬಂದದ್ದು ಅರವತ್ತೆಂಟು. ಎರಡು ಅಂಕವಿದ್ದ ಒಂದು ಲೆಕ್ಕಕ್ಕೆ ಅವಳು 'ಎರಡು ಭಾಗಿಸು ಸೈನ್' ಎಂದು ಬರೆದಿದ್ದಳು. ತಿದ್ದುವ ಕಂಪ್ಯೂಟರಿನ ಕೀ ಉತ್ತರದಲ್ಲಿ 'ಎರಡು ಕೊಸೆಕ್' ಎಂದಿತ್ತು. ಕೊಸೆಕ್ ಅಂದರೆ ಒಂದು ಭಾಗಿಸು ಸೈನ್; ಹಾಗಾಗಿ ಎರಡೂ ಒಂದೇ, ಮೂವತ್ತು ಡಿಗ್ರಿಗೆ ಎರಡೂ ನಾಲ್ಕೇ. ಕಂಪ್ಯೂಟರ್ ಸೊನ್ನೆ ಕೊಟ್ಟಿತು.

ಲೊರೇನ್ ಒಂದು ಹಾಳೆಯಲ್ಲಿ ಅದನ್ನೆಲ್ಲ ಬಿಡಿಸಿ ಬರೆದು ವಿಭಾಗಕ್ಕೆ ಒಯ್ದರು. ಆಕ್ಷೇಪಣೆಗೆ ಅಧ್ಯಾಪಕರ ಸಹಿಯೇ ಬೇಕಂತೆ, ಇವರದು ನಡೆಯದಂತೆ. ಯಾವ ಅಧ್ಯಾಪಕರ ಸಹಿ? ಕಂಪ್ಯೂಟರ್ ಬಂದ ಮೇಲೆ ಉತ್ತರಪತ್ರಿಕೆ ಮುಟ್ಟಿದ ಒಬ್ಬ ಅಧ್ಯಾಪಕರೂ ಆ ಕಟ್ಟಡದಲ್ಲಿಲ್ಲ. ಓದಿದವರಿಗೆ ಸಹಿಯಿಲ್ಲ, ಸಹಿಯಿದ್ದವರು ಓದುವುದಿಲ್ಲ. ಇದಕ್ಕೆ ವಿಭಾಗದವರು ಇಟ್ಟ ಹೆಸರು ಗುಣಮಟ್ಟ. ಯೊಲಾಂಡಾ ಮತ್ತೆ ಇಡೀ ಸೆಮಿಸ್ಟರ್ ತರಗತಿಯಲ್ಲಿ ಕೂತು ಪರೀಕ್ಷೆ ಬರೆಯಬೇಕು.

"ಹಾಗಾದ್ರೆ ಈ ಸಲ ಅದಕ್ಕೆ ಬೇಕಾದ ಹಾಗೇ ಬರೀಲಾ, ಮಿಸ್ ಲೊರೇನ್?"

"ಬರಿ. ಆದ್ರೆ ಹೋದ ಸಲದ್ದು ತಪ್ಪು ಅಂತ ಮಾತ್ರ ಯಾರ ಮುಂದೇನೂ ಒಪ್ಕೋಬೇಡ."

ಇವರ ಬಗ್ಗೆ ಬರೆಯಲು ಬಂದ ನಾನು, ನಿಮಗೇನು ಬೇಕು ಎಂದು ಲೊರೇನ್‌ರನ್ನು ಕೇಳುತ್ತೇನೆ. ಅವರು ಬೋರ್ಡು ಒರೆಸುತ್ತಲೇ ಹೇಳುತ್ತಾರೆ: "ದೊಡ್ಡ ಹುದ್ದೆ ಬೇಡ. 'ಇದು ಸರಿ' ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿದ್ರೆ, ಅದು ನಡೀಬೇಕು. ಅಷ್ಟೇ."