ಸುಬೇದಾರಕ್ಕನ ಡ್ರ್ಯಾಗನ್ ಬೇಟೆ
ಹಗಲೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕರೆಯುವ ಸುಬೇದಾರಕ್ಕ ಸಂಜೆ ಹೆಡ್‌ಫೋನ್ ಹಾಕಿಕೊಂಡಳೆಂದರೆ ಆನ್‌ಲೈನ್ ಆಟದ ಇಪ್ಪತ್ತು ಮಂದಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಡ್ರ್ಯಾಗನ್ ಬೇಟೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಹೊಡೆಯಬೇಕು, ಎಲ್ಲ ಅವಳದೇ ಅಪ್ಪಣೆ. "ಎಡಕ್ಕೆ! ತಾಳಿ! ಈಗ ಹೊಡೀರಿ! ಯಾರಪ್ಪಾ ಅದು ಸ್ವಂತ ಬುದ್ಧಿ ಓಡಿಸಿದ್ದು?" ಪಡೆಯವರು ನೀರು ಕುಡಿಯಲೂ ಅವಳನ್ನು ಕೇಳುತ್ತಾರೆ, ಅಡುಗೆಮನೆಯಲ್ಲಿರುವ ಗಂಡನಂತೂ "ಎಡಕ್ಕೆ" ಎಂದು ಕೇಳಿಸಿದರೆ ಸೌಟು ಹಿಡಿದೇ ಎಡಕ್ಕೆ ಸರಿಯುತ್ತಾನೆ. ಒಂದು ದಿನ ಆಟದ ಕಂಪನಿಯವರು ಯಾವಾಗಲೂ ಬಲದಿಂದ ಬರುತ್ತಿದ್ದ ಡ್ರ್ಯಾಗನ್ನನ್ನು ಎಡಗಡೆಯಿಂದ ನುಗ್ಗಿಸಿದಾಗ ಇಡೀ ಪಡೆ ಅಭ್ಯಾಸಬಲದಿಂದ ಎಡಕ್ಕೆ ಸರಿದು ನಿಂತು, ಸಾಲು ಕೆಡದಂತೆ ಸುಟ್ಟು ಬೂದಿಯಾಯಿತು. "ನೀವು ಹೇಳ್ಲೇ ಇಲ್ವಲ್ಲ ಅಕ್ಕಾ!" ಎಂದರು ಎಲ್ಲರೂ. "ನಿಮಗೇನು ಕಣ್ಣಿಲ್ವಾ? ನೋಡ್ಕೊಂಡು ಆಡಿ" ಎಂದು ಅಕ್ಕ ಮೈಕನ್ನೇ ಆರಿಸಿಬಿಟ್ಟಳು. ಮುಂದಿನ ಆಟದಲ್ಲಿ ಒಬ್ಬ ಬಂಡೆ ಹತ್ತಿದ, ಒಬ್ಬಳು ಬಾಲಕ್ಕೇ ಜೋತುಬಿದ್ದಳು, ಆ ಗದ್ದಲದಲ್ಲಿ ಡ್ರ್ಯಾಗನ್ ದೊಪ್ಪನೆ ಉರುಳಿತು. ಎಲ್ಲರೂ ಕುಣಿದು ಕೂಗಾಡುತ್ತಿರುವಾಗ ಮೈಕ್ ಮತ್ತೆ ಹೊತ್ತಿತು. ಇಷ್ಟು ವರ್ಷ ತನ್ನವರ ಜೀವ ಎಷ್ಟು ಉಳಿದಿದೆಯೆಂದು ಪರದೆಯ ಮೂಲೆಯ ಪಟ್ಟಿಗಳನ್ನಷ್ಟೇ ಕಾಯುತ್ತಿದ್ದ ಅಕ್ಕ, ಅಂದೇ ಮೊದಲು ಕಣ್ಣೆತ್ತಿ ನೋಡಿದ್ದಳು. "ಅಯ್ಯೋ, ಇದಕ್ಕೆ ಎಷ್ಟು ಚೆಂದದ ಹಸಿರು ಕಣ್ಣು! ನೀವ್ಯಾರೂ ಹೇಳ್ಲೇ ಇಲ್ವಲ್ರೋ!"